ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಟೊಳ್ಳು ಫೈಬರಿನಲ್ಲಿ ಬೆಳಕಿನ ಲೆಕ್ಕ

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಹಾಲೋ ಕೋರ್ ಫೈಬರಿನ (ಬೆಳಕು ಗಾಜಿನ ಬದಲು ನಡುವಿನ ಖಾಲಿ ಜಾಗದಲ್ಲಿ ಸಾಗುವ ಟೊಳ್ಳು ಎಳೆ) ಮಾಡೆಲ್ ಅನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇನೆ. ನಡುವೆ 30 ಮೈಕ್ರಾನ್ ಅಗಲದ ಖಾಲಿ ಜಾಗ, ಸುತ್ತ ಆರು ಗಾಜಿನ ಕೊಳವೆ, ಕೊಳವೆಯ ಗೋಡೆ 0.74 ಮೈಕ್ರಾನ್ ದಪ್ಪ. ತರಂಗಾಂತರ 1.55 ಮೈಕ್ರಾನ್. ಎಫೆಕ್ಟಿವ್ ಇಂಡೆಕ್ಸ್ (ನಿರ್ವಾತಕ್ಕೆ ಹೋಲಿಸಿದರೆ ಫೈಬರಿನಲ್ಲಿ ಅಲೆ ಎಷ್ಟು ನಿಧಾನ ಅಂತ ಹೇಳುವ ಸಂಖ್ಯೆ) ಸುಮಾರು 0.9992 ಬರುತ್ತಿದೆ. ಒಂದಕ್ಕಿಂತ ಕಡಿಮೆ ಬರಬಹುದಾ? ಮೆಶ್ (ಲೆಕ್ಕಕ್ಕಾಗಿ ಮಾಡೆಲನ್ನು ಸಣ್ಣ ತುಂಡುಗಳಾಗಿ ಒಡೆಯುವ ಜಾಲ) ಬದಲಾಯಿಸಿದಾಗಲೆಲ್ಲ ದಾರಿಯಲ್ಲಿ ಸೋರುವ ಬೆಳಕಿನ ನಷ್ಟ ಬೇರೆ ಬೇರೆ ತೋರಿಸುತ್ತಿದೆ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: 0.9992 ಸರಿಯಾಗಿದೆ, ಗಾಬರಿ ಬೇಡ. ಅದು ಅಲೆಯ ಫೇಸ್, ಅಂದರೆ ಅದರ ಏರಿಳಿತ, ಓಡುವ ವೇಗದ ಲೆಕ್ಕ. ಸಿಗ್ನಲ್ ಬೆಳಕಿನ ವೇಗವನ್ನು ಮೀರುವುದಿಲ್ಲ. ಮಾರ್ಕಟೀಲಿ ಮತ್ತು ಶ್ಮೆಲ್ಟ್ಸರ್ ಎಂಬ ವಿಜ್ಞಾನಿಗಳು 1964ರಲ್ಲೇ ಟೊಳ್ಳು ಕೊಳವೆಗೆ ಕೊಟ್ಟ ಸೂತ್ರದಲ್ಲಿ 15 ಮೈಕ್ರಾನ್ ತ್ರಿಜ್ಯ ಹಾಕಿ ನೋಡಿ, 0.9992 ಅಂತಲೇ ಬರುತ್ತದೆ. ಕಂಪ್ಯೂಟರ್ ಆನ್ ಮಾಡುವ ಮೊದಲು ಈ ಕೈಲೆಕ್ಕ ಮಾಡಿಕೊಳ್ಳಿ ಅಂತ ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ನಿಮ್ಮ ತೊಂದರೆ ಇರುವುದು ಗೋಡೆಯಲ್ಲಿ. ದಪ್ಪದ ಎರಡರಷ್ಟನ್ನು 1.04ರಿಂದ ಗುಣಿಸಿ. ಗಾಜಿನ ವಕ್ರೀಭವನ ಸೂಚ್ಯಂಕ 1.444, ಅದರ ವರ್ಗದಲ್ಲಿ ಒಂದು ಕಳೆದು ವರ್ಗಮೂಲ ತೆಗೆದರೆ ಸಿಗುವುದೇ ಈ 1.04. ಉತ್ತರ 1.54 ಮೈಕ್ರಾನ್. ಇದು ಗೋಡೆಯ ರೆಸೊನೆನ್ಸ್ (ಅನುರಣನ) ತರಂಗಾಂತರ. ಅಂದರೆ ನೀವು ಆರಿಸಿದ 1.55 ಹೆಚ್ಚುಕಡಿಮೆ ಅದರ ಮೇಲೇ ಕೂತಿದೆ. ಅಲ್ಲಿ ಗೋಡೆ ಬೆಳಕನ್ನು ತಡೆಯುವುದಿಲ್ಲ, ಒಳಗೆ ಸೇರಿಸಿಕೊಂಡು ಹೊರಗೆ ಬಿಡುತ್ತದೆ. ಮೆಶ್‌ನಲ್ಲಿ ಗೋಡೆಯ ದಪ್ಪ ಕೂದಲೆಳೆಯಷ್ಟು ಆಚೀಚೆಯಾದರೂ ನಷ್ಟ ಎಲ್ಲೆಲ್ಲೋ ಹಾರುತ್ತದೆ. ದಪ್ಪವನ್ನು 0.5 ಮೈಕ್ರಾನ್‌ಗೆ ಇಳಿಸಿ. ರೆಸೊನೆನ್ಸ್ 1.04 ಮೈಕ್ರಾನ್‌ಗೆ ಸರಿದು, 1.55ರಲ್ಲಿ ಬೆಳಕು ನಡುವಿನ ಖಾಲಿ ಜಾಗದಲ್ಲೇ ಉಳಿಯುತ್ತದೆ.

ಆಮೇಲೂ ಅವಸರ ಬೇಡ. ಇಂಡೆಕ್ಸ್ ಒಂದು ಸಂಕೀರ್ಣ ಸಂಖ್ಯೆ, ನಷ್ಟ ಕೂತಿರುವುದು ಅದರ ಕಾಲ್ಪನಿಕ ಭಾಗದಲ್ಲಿ. ನಷ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಕಿಲೋಮೀಟರಿಗೆ 0.1 ಡೆಸಿಬಲ್ ಅಂದರೆ ಆ ಭಾಗ ಸುಮಾರು 0.000000000003. ಹನ್ನೆರಡನೇ ದಶಮಾಂಶ! ನೈಜ ಭಾಗ ಬೇಗ ನಿಂತುಬಿಡುತ್ತದೆ, ಅದನ್ನು ನೋಡಿ ಮೆಶ್ ಸಾಕು ಅಂದುಕೊಳ್ಳಬೇಡಿ. ಮೆಶ್‌ನ ತುಂಡಿನ ಗಾತ್ರವನ್ನು ಗಾಳಿಯಲ್ಲಿ ತರಂಗಾಂತರದ ಕಾಲು ಭಾಗ, ಗಾಜಿನಲ್ಲಿ ಆರನೇ ಒಂದು ಭಾಗದಿಂದ ಶುರು ಮಾಡಿ, ಇನ್ನೂ ಸಣ್ಣದು ಮಾಡುತ್ತಾ ಹೋಗಿ. ಹೊರಗೆ ಹೋದ ಬೆಳಕನ್ನು ನುಂಗುವ ಪಿ.ಎಂ.ಎಲ್. ಪದರದ ದಪ್ಪ, ದೂರ ಎರಡನ್ನೂ ಬದಲಾಯಿಸಿ ನೋಡಿ. ನಷ್ಟ ಕದಲದೆ ನಿಂತರೆ ಮಾತ್ರ ಪ್ರಾಜೆಕ್ಟಿನಲ್ಲಿ ಬರೆಯಿರಿ. ಲ್ಯಾಪ್‌ಟಾಪ್ ತಾಳುತ್ತಿಲ್ಲವಾ? ಆರು ಕೊಳವೆಯ ವಿನ್ಯಾಸಕ್ಕೆ ಸಮರೂಪತೆ ಇದೆ, ಕಾಲು ಭಾಗ ಮಾತ್ರ ಬಿಡಿಸಿದರೂ ಆಗುತ್ತದೆ.

ಈ ಕೆಲಸ ಸುಮ್ನೆ ಅಂಕಿ ಆಟವಲ್ಲ. ಕೊಳವೆಯೊಳಗೆ ಇನ್ನೊಂದು ಕೊಳವೆ ಇಟ್ಟರೆ ನಷ್ಟ ಬಹಳ ಇಳಿಯುತ್ತದೆ ಅಂತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಫ್ರಾನ್ಸೆಸ್ಕೋ ಪೊಲೆಟ್ಟಿ 2014ರಲ್ಲಿ ಇಂಥದ್ದೇ ಲೆಕ್ಕದಿಂದ ತೋರಿಸಿದರು. ಅದೇ ದಾರಿಯಲ್ಲಿ ಬೆಳೆದ ಫೈಬರ್ 2025ರಲ್ಲಿ ಕಿಲೋಮೀಟರಿಗೆ 0.091 ಡೆಸಿಬಲ್ ಮುಟ್ಟಿತು. ಗಟ್ಟಿ ಗಾಜಿನ ಫೈಬರಿನ ಅತ್ಯುತ್ತಮ ದಾಖಲೆಯೇ ಸುಮಾರು 0.14.

ಪ್ರಶ್ನೆ: ಈ ಫೈಬರ್ ಬಂದರೆ ಮನೆಯ ಇಂಟರ್ನೆಟ್ ಜೋರಾಗುತ್ತಾ?
– ಓದುಗರು, ಶಿರಸಿ

ಉತ್ತರ: ಡೌನ್‌ಲೋಡ್ ವೇಗ ಇದರಿಂದಲೇ ಹೆಚ್ಚುವುದಿಲ್ಲ. ಕಡಿಮೆಯಾಗುವುದು ಕಾಯುವ ಸಮಯ. ಗಾಜಿನಲ್ಲಿ ಬೆಳಕಿಗೆ ಒಂದು ಕಿಲೋಮೀಟರಿಗೆ ಸುಮಾರು 4.9 ಮೈಕ್ರೋಸೆಕೆಂಡ್ ಬೇಕು, ಗಾಳಿಯಲ್ಲಿ 3.3. 1000 ಕಿ.ಮೀ. ಕೇಬಲ್ ಆದರೆ ಸುಮಾರು 1.6 ಮಿಲಿಸೆಕೆಂಡ್ ಉಳಿತಾಯ. ವಿಡಿಯೋ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಷೇರು ವಹಿವಾಟಿನ ಕಂಪ್ಯೂಟರುಗಳಿಗೂ, ಒಂದಕ್ಕೊಂದು ಮಾತಾಡುವ ಡೇಟಾ ಸೆಂಟರುಗಳಿಗೂ ಇದು ದೊಡ್ಡ ಉಳಿತಾಯವೇ.