ನಮ್ಮೂರು ಬೆಳಗಾವಿ. ಬೇಸ್ ಗಿಟಾರ್ ತಂತಿಗಳ ನಾದ ಬೇಗ ಮಂಕಾಗದಂತೆ ನೋಡಿಕೊಳ್ಳುವುದು ಹೇಗೆ?

ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಮುಗಿದ ಕೂಡಲೇ ಪ್ರತಿ ತಂತಿಯನ್ನೂ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಅಡಿಭಾಗವನ್ನೂ ಬಿಡಬೇಡಿ. ಬೇರೆ ಯಾವ ಉಪಾಯಕ್ಕಿಂತಲೂ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಯಾಕೆ ಅಂದ್ರೆ, ಬೇಸ್ ತಂತಿ ಒಂದೇ ಎಳೆಯಲ್ಲ. ಒಳಗೊಂದು ಉಕ್ಕಿನ ತಂತಿ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಇನ್ನೊಂದು. ಆ ಸುತ್ತುಗಳ ಸಂದಿಯಲ್ಲಿ ಬೆವರು, ಜಿಡ್ಡು, ಚರ್ಮದ ಪುಡಿ ಸೇರಿಕೊಳ್ಳುತ್ತವೆ. ಆಗ ತಂತಿ ಸಲೀಸಾಗಿ ಕಂಪಿಸುವುದಿಲ್ಲ. ಮೊದಲು ಸಾಯುವುದು ಹೊಸ ತಂತಿಯ ಆ ಗಣಗಣ ನಾದ, ಅಲ್ವಾ? ಅದೇ ಕಾರಣ. ಬೆವರಿನ ಉಪ್ಪಿನಿಂದ ತುಕ್ಕೂ ಹಿಡಿಯುತ್ತದೆ.

ನೀವು ಬೆಳಗಾವಿಯವರು ಅಂದಿರಿ. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆ ಹಿಡಿದರೆ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ. ಆಗ ಗಿಟಾರನ್ನು ಗೋಡೆಗೆ ತೂಗುಹಾಕದೆ ಕೇಸ್‌ನಲ್ಲಿಡಿ. ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ.

ಈಗಾಗಲೇ ಮಂಕಾಗಿದ್ದರೆ ಸುಮ್ನೆ ಎಸೆಯಬೇಡಿ. ಬಿಚ್ಚಿ, ಸುಮಾರು 10 ನಿಮಿಷ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಹಾಕಿ. ಸಂದಿಯ ಕೊಳೆ ಬಿಟ್ಟು ನಾದ ಮರಳುತ್ತದೆ, ಆದರೆ ಸ್ವಲ್ಪ ದಿನ ಮಾತ್ರ. ಮೆದು ನಾದ ಇಷ್ಟವಾದರೆ ಚಪ್ಪಟೆ ಸುತ್ತಿನ ತಂತಿ ಹಾಕಿ. ಅದರಲ್ಲಿ ಕೊಳೆ ಕೂರುವ ಸಂದಿಯೇ ಕಡಿಮೆ, ಹಾಗಾಗಿ ವರ್ಷಗಟ್ಟಲೆ ಬರುತ್ತದೆ.