ದೊಡ್ಡ ಮೀನು ಚೆನ್ನಾಗಿವೆ ಅಂತ ಮೊಟ್ಟೆ ತೊಟ್ಟಿಯನ್ನ ಹಾಗೇ ಬಿಡಬೇಡಿ
ಪಂಪಿನಿಂದ ಒಂದಿಷ್ಟು ಡೀಸೆಲ್ ತೊಟ್ಟಿಗೆ ಬಿತ್ತು, ಮೇಲಿನ ಪೊರೆ ತೆಗೆದೆ, ದೊಡ್ಡ ಮೀನು ಆರಾಮಾಗಿವೆ, ಮರಿಗಳು ಮಾತ್ರ ಸೊಟ್ಟಗೆ ಹುಟ್ಟಿ ಸಾಯ್ತಿವೆ ಅಂತ ಕೇಳಿದ್ದೀರಿ. ಮೊಟ್ಟೆಯ ಲೆಕ್ಕವೇ ಬೇರೆ.

ಕಣ್ಣಿಗೆ ಕಾಣುವ ಪೊರೆಗಿಂತ ನೀರಲ್ಲಿ ಕರಗಿ ಕೂತಿರೋದರ ಕಾಟ ಜಾಸ್ತಿ. ಡೀಸೆಲ್‌ನಲ್ಲಿರುವ ಪಿಎಎಚ್ ಅನ್ನೋ ರಾಸಾಯನಿಕಗಳು ಮೊಟ್ಟೆಯ ಸಿಪ್ಪೆ ದಾಟಿ ಒಳಗಿನ ಕೊಬ್ಬಿಗೆ ಸೇರಿಕೊಳ್ಳುತ್ತವೆ. ಮೊದಲ ಪೆಟ್ಟು ಹೃದಯಕ್ಕೆ. ಜೀವಕೋಶದ ಒಳಗೂ ಹೊರಗೂ ಪೊಟ್ಯಾಸಿಯಂ, ಕ್ಯಾಲ್ಸಿಯಂ ಓಡಾಡಿದರೆ ತಾನೇ ಬಡಿತ? ಪಿಎಎಚ್‌ಗಳಲ್ಲೊಂದಾದ ಫಿನಾಂತ್ರೀನ್ ಅದಕ್ಕೇ ಅಡ್ಡ ನಿಲ್ಲುತ್ತದೆ. ಬಡಿತ ತಾಳ ತಪ್ಪುತ್ತದೆ. ಮರಿಯ ಹೃದಯ ಬಡಿಯುತ್ತಾ ಬಡಿಯುತ್ತಲೇ ಆಕಾರ ಪಡೆಯೋದರಿಂದ, ಅದೂ ಕೆಡುತ್ತದೆ.

ಒಂದು ಮರಿಯನ್ನು ಹನಿ ನೀರಲ್ಲಿಟ್ಟು ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿ. ಕಣ್ಣಿನ ಹಿಂದೆ, ಹೊಟ್ಟೆಯ ಹಳದಿ ಚೀಲದ ಮುಂದೆ ಹೃದಯ ಮಿಡಿಯುತ್ತಿರುತ್ತದೆ. ಅಲ್ಲಿ ನೀರು ತುಂಬಿದ ಬಲೂನಿನ ಹಾಗೆ ಉಬ್ಬಿ, ಒಳಗೆ ಹೃದಯ ದಾರದಂತೆ ಎಳೆದುಕೊಂಡಿದ್ದರೆ ಡೀಸೆಲ್ ಮೇಲೆ ನನ್ನ ಅನುಮಾನ. ಆದರೆ ಅಮೋನಿಯಾ, ತಳಿ ದೋಷದಿಂದಲೂ ಮರಿ ಊದಿಕೊಳ್ಳಬಹುದು. ಅದಕ್ಕೆ ಮುಂದಿನ ಸಲ ಒಂದೇ ಗುಂಪಿನ ಮೊಟ್ಟೆಗಳನ್ನು ಎರಡು ಪಾತ್ರೆಗೆ ಹಂಚಿ. ಒಂದಕ್ಕೆ ತೊಟ್ಟಿ ನೀರು, ಇನ್ನೊಂದಕ್ಕೆ ಹೊಸ ನೀರು. ಉತ್ತರ ಅಲ್ಲೇ ಸಿಗುತ್ತದೆ.

ವಾಸನೆ ಹೋಯಿತು ಅಂದರೆ ಎಣ್ಣೆ ಹೋಯಿತು ಅಂತಲ್ಲ. ಬೇಗ ಹಾರಿಹೋಗೋದು ಹಗುರ ಭಾಗ, ಪಿಎಎಚ್ ಉಳಿಯುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಎಣ್ಣೆ ಸೋರಿದ ಮೇಲೆ, ಎಣ್ಣೆ ಮೆತ್ತಿದ ತೊರೆಗಳಲ್ಲಿ ಗುಲಾಬಿ ಸಾಲ್ಮನ್ ಮೊಟ್ಟೆಗಳು 1993ರವರೆಗೂ ಜಾಸ್ತಿ ಸಾಯುತ್ತಿದ್ದವು.

ಪಾತ್ರೆ ತೊಳೆಯುವ ಸೋಪು ಮಾತ್ರ ಹಾಕಬೇಡಿ. ನಾನೊಮ್ಮೆ ಬುದ್ಧಿವಂತಿಕೆ ತೋರಿಸಲು ಹೋಗಿ ಹಾಕಿದ್ದೆ. ಪೊರೆ ಮಾಯ, ಎಣ್ಣೆಯೆಲ್ಲ ಸಣ್ಣ ಹನಿಗಳಾಗಿ ನೀರಿಗೆ ಬೆರೆತು ಉಳಿದ ಮೊಟ್ಟೆಗಳೂ ಹೋದವು. ಸೋಪೂ ವಿಷವೇ ಬಿಡಿ.

ಇವತ್ತೇ ಮೊಟ್ಟೆಗಳನ್ನು ತೊಟ್ಟಿ ನೀರಿನಷ್ಟೇ ತಾಪದ ಶುದ್ಧ ನೀರಿಗೆ ಸಾಗಿಸಿ. ಬಿಸಿಲಿಗೆ ಇಡಬೇಡಿ, ಪಿಎಎಚ್ ಸೇರಿದ ಪಾರದರ್ಶಕ ಮರಿಗೆ ಬಿಸಿಲು ಬಿದ್ದರೆ ವಿಷ ಇನ್ನೂ ಜೋರು. ತೊಟ್ಟಿಯಲ್ಲಿ ಮೊದಲು ಇನ್ನೂ ಉಳಿದಿರುವ ಪೊರೆಯನ್ನು ಕಾಗದದಿಂದ ಎತ್ತಿ, ಆಮೇಲೆ ನೀರು ಖಾಲಿ ಮಾಡಿ. ಇಲ್ಲದಿದ್ದರೆ ಪೊರೆ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ. ಸ್ಪಾಂಜು, ರಬ್ಬರ್ ಕೊಳವೆ ಎಣ್ಣೆ ಹೀರಿಕೊಂಡಿರುತ್ತವೆ, ಎಸೆಯಿರಿ. ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ರಾಸಾಯನಿಕ ಹೀರುವ ಇದ್ದಿಲು) ಹಾಕಿ. ಈ ಗುಂಪಿನಲ್ಲಿ ಬದುಕಿದ ಮರಿಗಳು ನೋಡಲು ಸರಿ ಇದ್ದರೂ ಹೃದಯ ಕುಂದಿದ್ದು ಈಜಿನಲ್ಲಿ ಹಿಂದೆ ಬೀಳಬಹುದು. ನಾನಾಗಿದ್ದರೆ ತಳಿಗೆ ಇಟ್ಟುಕೊಳ್ಳುತ್ತಿರಲಿಲ್ಲ.