ಹೊಸ ಮಂಚದಿಂದ ಪುಡಿ ಉದುರುತ್ತಿದೆ, ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

ಎರಡು ತಿಂಗಳ ಹಿಂದೆ ಕೊಂಡ ಮರದ ಮಂಚ. ಕೆಳಗೆ ದಿನಾ ಬಿಳಿ ಪುಡಿ ಬೀಳುತ್ತಿದೆ. ಅಂಗಡಿಯವರು ಮೊದಲು "ನಿಮ್ಮ ಮನೆಯ ತೇವ" ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಬಿಲ್ ಮೇಲೆ ನೋಡಿದರೆ ಮಾರಿದ ಮಾಲು ವಾಪಸ್ ಇಲ್ಲ ಅಂತ ಅಚ್ಚಾಗಿದೆ. ನೀವು ಬರೆದಿದ್ದು ಓದಿ ನನಗೆ ನಗು ಬಂತು, ಕ್ಷಮಿಸಿ. ನನ್ನ ಕಥೆಯನ್ನೇ ಯಾರೋ ಕದ್ದು ಬರೆದ ಹಾಗಿದೆ.

ನಾನು ದಸರಾ ಆಫರ್‌ನಲ್ಲಿ 42,500 ರೂಪಾಯಿಗೆ ಒಂದು ಸ್ಟೋರೇಜ್ ಮಂಚ ತೆಗೆದುಕೊಂಡೆ. ಷೋರೂಮಿನಲ್ಲಿ ನೋಡಿ, ವೆಬ್‌ಸೈಟಿನಲ್ಲಿ ಆರ್ಡರ್ ಮಾಡಿದ್ದು. "ಸಾಲಿಡ್ ಶೀಶಮ್" ಅಂತ ದೊಡ್ಡದಾಗಿ ಹಾಕಿದ್ದರು. ಶೀಶಮ್ ಅಂದರೆ ನಮ್ಮ ಬೀಟೆ ಮರದ ನಂಟ, ಒಂದೇ ಕುಲದ ಮರ. ಹಾಗಾಗಿ ನಾನೂ ಹಿಗ್ಗಿದೆ. ಸಂಕ್ರಾಂತಿಗೆ ಮನೆ ಗುಡಿಸುವಾಗ ಮಂಚದ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಕಂಡಿತು. ಮಕ್ಕಳು ಟಾಲ್ಕಮ್ ಪೌಡರ್ ಚೆಲ್ಲಿದ್ದಾರೆ ಅಂದುಕೊಂಡು ಒರೆಸಿದೆವು. ಮಾರನೆಯ ದಿನ ಮತ್ತೆ ಅಷ್ಟೇ ಪುಡಿ.

ಮುಂದಿನ ಎರಡು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಅದನ್ನು ಮೊದಲು ಹೇಳುತ್ತೇನೆ, ನೀವು ಮಾಡಬೇಡಿ.

ದಿನಾ ಫೋನ್ ಮಾಡಿದೆ. ಪ್ರತಿ ಸಲ ಬೇರೆ ಬೇರೆಯವರು ಎತ್ತುತ್ತಿದ್ದರು. ಪ್ರತಿ ಸಲ ಕಥೆ ಮೊದಲಿಂದ ಹೇಳಬೇಕು. 24 ಗಂಟೆಯಲ್ಲಿ ಕಾಲ್ ಬರುತ್ತೆ ಸಾರ್ ಅನ್ನುತ್ತಿದ್ದರು, ಬರುತ್ತಿರಲಿಲ್ಲ. ಕಿರುಚಾಡಿದ್ದೂ ಆಯ್ತು. ಆ ಹುಡುಗರಿಗೆ ತಿಂಗಳ ಸಂಬಳ ಬಿಟ್ಟರೆ ಬೇರೆ ಅಧಿಕಾರ ಇಲ್ಲ ಅಂತ ಆಮೇಲೆ ಹೊಳೆಯಿತು. ನನ್ನ ದುಡ್ಡು ವಾಪಸ್ ಕೊಡುವ ಶಕ್ತಿ ಇರುವವರು ಫೋನಿನ ಹತ್ತಿರ ಕೂರುವುದೇ ಇಲ್ಲ.

ಎರಡನೆಯದು ಇನ್ನೂ ದೊಡ್ಡ ತಪ್ಪು. ಒಬ್ಬ ಟೆಕ್ನಿಷಿಯನ್ ಬಂದ. ಏನೋ ಎಣ್ಣೆ ಸ್ಪ್ರೇ ಮಾಡಿದ, ತೂತುಗಳಿಗೆ ಮೇಣ ತುಂಬಿದ. "ಇಲ್ಲೊಂದು ಸೈನ್ ಮಾಡಿ ಸಾರ್, ಬಂದು ಹೋಗಿದ್ದಕ್ಕೆ" ಅಂದ. ಮಾಡಿದೆ. ವಾರದಲ್ಲಿ ಪುಡಿ ಮತ್ತೆ ಶುರು. ಫೋನ್ ಮಾಡಿದರೆ, ಸಮಸ್ಯೆ ಬಗೆಹರಿದಿದೆ ಎಂದು ನೀವೇ ಸಹಿ ಹಾಕಿದ್ದೀರಲ್ಲ, ಕಂಪ್ಲೇಂಟ್ ಕ್ಲೋಸ್ ಆಗಿದೆ ಅಂದರು. ಆದ್ದರಿಂದ ಯಾರಾದರೂ ರಿಪೇರಿಗೆ ಬಂದರೆ ಅವರ ಕಾಗದದ ಮೇಲೆಯೇ ನಿಮ್ಮ ಕೈಬರಹದಲ್ಲಿ ಬರೆಯಿರಿ: "ಸ್ಪ್ರೇ ಮಾಡಿದ್ದಾರೆ. ಗುಣವಾಗಿದೆಯೋ ಇಲ್ಲವೋ ಗೊತ್ತಿಲ್ಲ. ದೂರು ಹಾಗೇ ಇದೆ." ಆಮೇಲೆ ಸಹಿ. ಕಾಗದದ ಫೋಟೋ ತೆಗೆದುಕೊಳ್ಳಿ.

ನನ್ನ ಕಣ್ಣು ತೆರೆಸಿದ್ದು ನಮ್ಮ ಬೀದಿಯ ಬಡಗಿ. ಅವರು ಬ್ಯಾಟರಿ ಬಿಟ್ಟು ನೋಡಿ "ಇದು ಕುಟ್ಟೆ ಸಾರ್, ಗೆದ್ದಲು ಅಲ್ಲ" ಅಂದರು. ಕುಟ್ಟೆ ಅಂದರೆ ಮರ ಕೊರೆಯುವ ಸಣ್ಣ ದುಂಬಿ. ಈ ವ್ಯತ್ಯಾಸ ಬಹಳ ಮುಖ್ಯ. ಯಾಕೆಂದರೆ ನನ್ನ ವಾರಂಟಿಯಲ್ಲಿ ಗೆದ್ದಲು ಹಿಡಿದರೆ ನಾವು ಜವಾಬ್ದಾರರಲ್ಲ ಅಂತ ಬರೆದಿತ್ತು, ಅವರು ಅದನ್ನೇ ಹಿಡಿದುಕೊಂಡಿದ್ದರು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆದ್ದಲು ನೆಲದಿಂದ ಬರುತ್ತದೆ, ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುತ್ತದೆ. ಕುಟ್ಟೆ ಮರದ ಒಳಗಿನಿಂದ ಹೊರಗೆ ಬರುತ್ತದೆ. ಒಂದೆರಡು ಮಿಲಿಮೀಟರ್ ಅಗಲದ ದುಂಡನೆಯ ತೂತು, ಕೆಳಗೆ ನುಣ್ಣನೆಯ ಹಿಟ್ಟು.

ಈ ದುಂಬಿ ಮರದ ಬಿಳಿ ಭಾಗದಲ್ಲಿ ಮೊಟ್ಟೆ ಇಡುತ್ತದೆ. ಅಲ್ಲಿ ಪಿಷ್ಟ ಜಾಸ್ತಿ, ಮರಿಹುಳುವಿಗೆ ಅದೇ ಊಟ. ಚೇಗಿನ, ಅಂದರೆ ಮರದ ನಡುವಿನ ಗಟ್ಟಿ ಭಾಗದ ತಂಟೆಗೆ ಅದು ಹೋಗುವುದಿಲ್ಲ. ಮರಿ ತಿಂಗಳುಗಟ್ಟಲೆ ಒಳಗೇ ತಿಂದುಕೊಂಡಿದ್ದು, ದುಂಬಿಯಾದ ಮೇಲೆ ತೂತು ಕೊರೆದು ಹೊರಗೆ ಬರುತ್ತದೆ. ಅಂದರೆ ಮಂಚ ಬಂದು ಎರಡು ಮೂರು ತಿಂಗಳಿಗೆ ಹಿಟ್ಟು ಉದುರಿದರೆ, ಹುಳು ಮರದ ಜೊತೆಗೇ ಬಂದಿದೆ ಅಂತ ಲೆಕ್ಕ. ಇನ್ನೊಂದು, ಈ ಜಾತಿಯ ದುಂಬಿಗೆ ಬೇಕಾಗಿದ್ದು ಒಣ ಮರ. ಪಾಲಿಷ್ ಮಾಡಿದ ಮೈ ಮೇಲೆ ಸಾಮಾನ್ಯವಾಗಿ ಮೊಟ್ಟೆಯನ್ನೂ ಇಡುವುದಿಲ್ಲ. "ನಿಮ್ಮ ಮನೆಯ ತೇವ" ಅನ್ನುವ ಮಾತು ಇಲ್ಲಿಗೆ ಬಿದ್ದುಹೋಯಿತು ಅಲ್ವಾ?

ಬಡಗಿ ಇನ್ನೊಂದು ಮಾತು ಹೇಳಿದರು. ಹಲಗೆಗಳು ಶೀಶಮ್ ಅಲ್ಲ, ಮಾವಿನ ಮರಕ್ಕೆ ಬಣ್ಣ ಹಚ್ಚಿದ್ದಾರೆ ಅಂತ. ನನಗೆ ಸಿಟ್ಟು ನೆತ್ತಿಗೇರಿತು. ಮೋಸ ಮೋಸ ಅಂತ ಬರೆಯಲು ಕೂತೆ. ವಕೀಲಿಕೆ ಮಾಡುವ ಗೆಳೆಯನೊಬ್ಬ ತಡೆದ. "ಯಾವ ಮರ ಅಂತ ಸಾಬೀತು ಮಾಡೋಕೆ ಲ್ಯಾಬಿಗೆ ಹೋಗಬೇಕು. ಹುಳು ಬಿದ್ದಿದೆ ಅನ್ನೋದಕ್ಕೆ ಫೋಟೋ ಸಾಕು. ಶೀಶಮ್ಮೇ ಆಗಿದ್ದರೂ ಅದರ ಬಿಳಿ ಭಾಗಕ್ಕೆ ಹುಳು ಬೀಳುತ್ತೆ. ಸುಮ್ನೆ ಹತ್ತು ಆರೋಪ ಯಾಕೆ, ಗೆಲ್ಲೋದು ಒಂದು ಸಾಕು" ಅಂದ. ನನ್ನ ಪ್ರಕಾರ ಇಡೀ ಜಗಳದಲ್ಲಿ ಬೆಲೆಬಾಳುವ ಮಾತು ಇದೇ. (ಮರ ಯಾವುದು ಅಂತ ತಿಳಿಯಲೇಬೇಕು ಅನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಇದೆ. ಶುಲ್ಕ ತೆಗೆದುಕೊಂಡು ಮರದ ತುಂಡು ನೋಡಿ ಹೇಳುತ್ತಾರೆ.)

ಸಾಕ್ಷಿ ಹೀಗೆ ಮಾಡಿಕೊಳ್ಳಿ. ಮಂಚದ ಕೆಳಗೆ ಚೆನ್ನಾಗಿ ಒರೆಸಿ, ಕಪ್ಪು ಚಾರ್ಟ್ ಪೇಪರ್ ಹಾಸಿ. ಈಗಿರುವ ಪ್ರತಿ ತೂತಿನ ಸುತ್ತ ಪೆನ್ಸಿಲ್‌ನಲ್ಲಿ ಗುಂಡಗೆ ಗೆರೆ ಎಳೆದು ಎಣಿಸಿ. ಫೋಟೋ ತೆಗೆಯಿರಿ. ವಾರ ಬಿಟ್ಟು ಮತ್ತೆ ತೆಗೆಯಿರಿ. ಪೇಪರ್ ಮೇಲೆ ಹೊಸ ಪುಡಿ, ಗೆರೆ ಇಲ್ಲದ ಹೊಸ ತೂತು ಕಂಡರೆ ಹುಳು ಇನ್ನೂ ಜೀವಂತ ಇದೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನದು ಮೊದಲ ವಾರ 17 ಇತ್ತು, ಎರಡನೇ ವಾರ 26. ಅಲ್ಲಿಯವರೆಗೆ ಸೀಮೆಎಣ್ಣೆ, ಬೇವಿನೆಣ್ಣೆ ಏನೂ ಹಚ್ಚಲು ಹೋಗಬೇಡಿ. ನೀವೇ ಹಾಳು ಮಾಡಿದಿರಿ ಅನ್ನುತ್ತಾರೆ.

ಆಮೇಲೆ ಫೋನ್ ಬಿಟ್ಟು ಇಮೇಲ್. ನಾನು ಬರೆದಿದ್ದು ಹೆಚ್ಚೂಕಡಿಮೆ ಇಷ್ಟೇ:

"ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ 42,500 ರೂಪಾಯಿಗೆ ಮಂಚ ಕೊಂಡಿದ್ದೇನೆ. ಮೂರೇ ತಿಂಗಳಿಗೆ ಮರದಲ್ಲಿ ಕೊರೆಯುವ ಹುಳು ಕಂಡಿದೆ. ಒಂದು ಸಲ ಸ್ಪ್ರೇ ಮಾಡಿದರೂ ನಿಂತಿಲ್ಲ. ಫೋಟೋಗಳು ಜೊತೆಗಿವೆ. ಇದು ಮರದ ಒಳಗಿನ ದೋಷ. 15 ದಿನದೊಳಗೆ ಮಂಚವನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಮರಳಿಸಿ. ಇಲ್ಲವಾದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಸಿಟ್ಟಿನ ಮಾತು ಒಂದೂ ಇಲ್ಲ ನೋಡಿ. ಏನು ಬೇಕು, ಯಾವಾಗ ಬೇಕು ಅಂತ ಮಾತ್ರ ಇದೆ. "ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಅವರು ಇನ್ನೊಂದು ಸ್ಪ್ರೇ ಬಾಟಲಿ ಕಳಿಸುತ್ತಾರೆ, ಅದೇ ಅವರ ಸೂಕ್ತ ಕ್ರಮ.

ಈ ಇಮೇಲನ್ನು ಕಸ್ಟಮರ್ ಕೇರ್‌ಗೆ ಮಾತ್ರ ಕಳಿಸಬೇಡಿ. ಆನ್‌ಲೈನ್ ಆರ್ಡರ್ ಆದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಬ್ಬ ಗ್ರೀವೆನ್ಸ್ ಆಫೀಸರ್, ಅಂದರೆ ದೂರು ನೋಡಿಕೊಳ್ಳುವ ಅಧಿಕಾರಿ ಇರಲೇಬೇಕು. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಇರಬೇಕು. ಪುಟದ ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಹುಡುಕಿ. ದೂರು ಬಂದಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನನಗೆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಹೆಸರು ಹಾಕಿ ಬರೆದ ಉತ್ತರ ಬಂದಿದ್ದು ಅಲ್ಲಿಂದಲೇ. ಉತ್ತರ ಏನಂದರೆ, 20 ಪರ್ಸೆಂಟ್ ಕೂಪನ್ ಕೊಡುತ್ತೇವೆ, ನಮ್ಮಲ್ಲೇ ಇನ್ನೊಂದು ಮಂಚ ಕೊಳ್ಳಿ! ಹುಳುವಿಗೆ ಜೊತೆ ಬೇಕಿತ್ತೋ ಏನೋ.

ಆಮೇಲೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಇವರಿಗೆ ಆದೇಶ ಕೊಡುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ದೊಡ್ಡ ಕಂಪನಿಗಳು ಇದಕ್ಕೆ ಸ್ವಲ್ಪ ಹೆದರುತ್ತವೆ. ಸಣ್ಣ ಅಂಗಡಿಯವರ ಹತ್ತಿರ ಅಷ್ಟು ನಡೆಯುವುದಿಲ್ಲ. ಟ್ವಿಟರ್‌ನಲ್ಲಿ ಟ್ಯಾಗ್ ಮಾಡುವುದೂ ಹಾಗೇ: ಹತ್ತು ನಿಮಿಷದಲ್ಲಿ "ನಿಮ್ಮ ನಂಬರ್ ಕಳಿಸಿ" ಅನ್ನುತ್ತಾರೆ, ಮತ್ತೆ ಅದೇ ಕಸ್ಟಮರ್ ಕೇರ್ ಬಾವಿಗೆ ತಳ್ಳುತ್ತಾರೆ.

ಕೆಲಸ ಮಾಡಿದ್ದು ನೋಟಿಸು. ಗೆಳೆಯನ ಲೆಟರ್‌ಹೆಡ್‌ನಲ್ಲಿ ಒಂದೂವರೆ ಪುಟ. ವಕೀಲರೇ ಬೇಕು ಅಂತೇನಿಲ್ಲ, ನೀವೇ ಬರೆಯಬಹುದು. ಆದರೆ ಷೋರೂಮಿನ ಬೋರ್ಡಿನ ಹೆಸರಿಗೆ ಕಳಿಸಬೇಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರುತ್ತದೆ, ಅದನ್ನು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಕಂಪನಿಯ ನಿಜವಾದ ಹೆಸರು ಸಿಗುತ್ತದೆ. ನನ್ನ ಕೇಸಿನಲ್ಲಿ ಬೋರ್ಡ್ ಒಂದು, ಕಂಪನಿ ಇನ್ನೊಂದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ನೋಟಿಸು ಮುಟ್ಟಿ ಒಂಬತ್ತನೇ ದಿನ ಮ್ಯಾನೇಜರ್ ಒಬ್ಬರೇ ಫೋನ್ ಮಾಡಿದರು. ಧ್ವನಿ ಬೆಣ್ಣೆಯಂತಿತ್ತು. ಮೇ ಕೊನೆಯಲ್ಲಿ ಮಂಚ ಒಯ್ದರು, ಜೂನ್‌ನಲ್ಲಿ ದುಡ್ಡು ಬಂತು. ಡೆಲಿವರಿಯ 1,500 ಹಿಡಿದುಕೊಂಡರು. ಅದಕ್ಕಾಗಿ ಮತ್ತೆ ಕಾದಾಡುವ ಶಕ್ತಿ ನನಗಿರಲಿಲ್ಲ, ಬಿಟ್ಟೆ. ಈ ನಾಲ್ಕೂವರೆ ತಿಂಗಳೂ ಇಎಂಐ ಕಟ್ಟುತ್ತಲೇ ಇದ್ದೆ. ಹೊಟ್ಟೆ ಉರಿದರೂ ಇಎಂಐ ನಿಲ್ಲಿಸಬೇಡಿ. ಸಾಲ ಕೊಟ್ಟ ಬ್ಯಾಂಕಿಗೆ ನಿಮ್ಮ ಹುಳುವಿನ ಕಥೆ ಬೇಕಾಗಿಲ್ಲ, ಸಿಬಿಲ್ ಸ್ಕೋರ್ ಮಾತ್ರ ಬೀಳುತ್ತದೆ.

ನಿಮಗೆ ನೋಟಿಸಿಗೂ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ದೂರು ಹಾಕಬಹುದು, ಕಂಪನಿ ಗುರುಗ್ರಾಮದಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ತೀರ್ಪಿಗೆ ಕಾನೂನಿನಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳು ಅಂತ ಇದೆ. ಅಷ್ಟು ಬೇಗ ಮುಗಿಯುತ್ತದೆ ಅಂತ ನಂಬಿ ಹಳೇ ಮಂಚ ಮಾರಬೇಡಿ.

ಬಿಲ್ ಮೇಲೆ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚಾಗಿದೆ ಅಂದಿರಿ. ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡಲು ಹೋದರೆ ಆ ಸಾಲು ತೋರಿಸಲಿ. ದೋಷ ಇರುವ ಮಾಲಿಗೆ ಅದು ನಡೆಯುವುದಿಲ್ಲ, ಅದನ್ನು ವಾಪಸ್ ಪಡೆಯಲು ಒಪ್ಪದಿರುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ.

ಆದರೆ ಆ ಬಿಲ್ ಪಕ್ಕಾ ಬಿಲ್ಲೋ, ಎಸ್ಟಿಮೇಟ್ ಚೀಟಿಯೋ ಅಂತ ನೀವು ಬರೆದಿಲ್ಲ. ಫರ್ನಿಚರ್ ಅಂಗಡಿಗಳಲ್ಲಿ "ಜಿಎಸ್‌ಟಿ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅನ್ನುವುದು ಮಾಮೂಲು. ಚೀಟಿ ಆಗಿದ್ದರೂ ಎಸೆಯಬೇಡಿ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಅಂಗಡಿಯವರ ವಾಟ್ಸಾಪ್ ಮೆಸೇಜು, ಡೆಲಿವರಿ ಹುಡುಗರು ಮಂಚ ಇಳಿಸುವಾಗ ತೆಗೆದ ಫೋಟೋ ಇದ್ದರೆ ಅದೂ, ಎಲ್ಲ ಒಂದು ಕಡೆ ಇಡಿ. ಮತ್ತು ವಾಟ್ಸಾಪ್‌ನಲ್ಲಿ ಅವರಿಗೆ ಇವತ್ತೇ ಒಂದು ಸಾಲು ಕಳಿಸಿ, "ಇಂಥ ದಿನ ನಿಮ್ಮಿಂದ ಕೊಂಡ ಮಂಚದಲ್ಲಿ ಹುಳು ಬಿದ್ದಿದೆ" ಅಂತ. "ನೋಡೋಣ ಸಾರ್" ಅಂತ ಉತ್ತರಿಸಿದರೂ ಸಾಕು. ಮಂಚ ತಮ್ಮದೇ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು.